ಇಪ್ಪತ್ತೈದು ಗಂಟಿನ ದಾರ

ಕೊಳವೆಬಾವಿಯ ತುಕ್ಕು ಹಿಡಿದ ಮುಚ್ಚಳ ಖೆತಿವೆಯ ತೋರುಬೆರಳನ್ನು ಸೀಳಿತು. ಕಬ್ಬಿಣದ ಅಂಚಿನ ಮೇಲೆ ರಕ್ತ ತೊಟ್ಟಿಕ್ಕಿದ್ದನ್ನು ನೋಡಿ ಗಣಿ ಕಂಪನಿಯ ಅಧಿಕಾರಿ ಸ್ಟ್ರೈಡಮ್ ನಕ್ಕ.

"ಪೊಲೀಸರ ರಕ್ತಾನೂ ಕೆಂಪಗೇ ಇರುತ್ತೆ ಅಂತ ಇವತ್ತು ಗೊತ್ತಾಯ್ತು, ಸಾರ್ಜೆಂಟ್."

"ಒಂದು ಡಬ್ಬ ಬಣ್ಣ ಹೊಡೆಸೋಕೂ ನಿಮ್ಮ ಕಂಪನಿಗೆ ಗತಿಯಿಲ್ಲ ಅಂತ ನನಗೂ ಗೊತ್ತಾಯ್ತು. ಅಳತೆಪಟ್ಟಿ ಇಳಿಸಿ."

"ಮೊದಲು ಕೈ ತೋರಿಸಿ," ಎಂದು ಬೊಂಗೆಕಿಲೆ ನಡುವೆ ಬಂದಳು. ಸತ್ತ ಮುದುಕನ ಒಬ್ಬಳೇ ಮಗಳು, ಊರಿನ ಚಿಕಿತ್ಸಾಲಯದ ನರ್ಸ್. ನರ್ಸಿನ ನೀಲಿ ಸ್ವೆಟರಿನ ಮೇಲೆ ಶೋಕದ ಕಪ್ಪು ಹೊದಿಕೆ ಹೊದ್ದಿದ್ದಳು. ಜೇಬಿನಿಂದ ಬಿಳಿ ಪ್ಲಾಸ್ಟರಿನ ಸುರುಳಿ ತೆಗೆದು, ಹಲ್ಲಿನಿಂದ ಹರಿದು, ಖೆತಿವೆಯ ಬೆರಳಿಗೆ ಬಿಗಿಯಾಗಿ ಸುತ್ತಿದಳು. ತುದಿಯನ್ನು ಒಳಕ್ಕೆ ಮಡಚಿ ಪುಟ್ಟ ಕಿವಿಯಂತೆ ಬಿಟ್ಟಳು.

"ಬಿಚ್ಚುವಾಗ ಉಗುರು ಹಾಕಿ ಕೆರೀಬೇಕಾಗಿಲ್ಲ. ಈ ಕಿವಿ ಹಿಡಿದು ಎಳೆದ್ರೆ ಸಾಕು, ಅಕ್ಕಾ."

ಆ ಊರಿನಲ್ಲಿ ಖೆತಿವೆಯನ್ನು ಅಕ್ಕಾ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ. ಉಳಿದವರು ಕುಡಿಯಲು ನೀರು ಕೇಳಿದರೂ ಮುಖ ತಿರುಗಿಸುತ್ತಿದ್ದರು.

ಕಾರಣ ಇಲ್ಲದಿಲ್ಲ. ಹನ್ನೊಂದು ವರ್ಷ ಪ್ರತಿ ಶುಕ್ರವಾರ ಈ ಬಾವಿಯಲ್ಲಿ ಗಣಿಯೊಳಗಿನ ನೀರಿನ ಮಟ್ಟ ಅಳೆದು ಬರೆಯುತ್ತಿದ್ದ ಎಲ್ಫಸ್ ಸಿಬಿಯಾ ಒಂಬತ್ತು ದಿನದ ಹಿಂದೆ ದನದ ಹೊಂಡದಲ್ಲಿ ಹೆಣವಾಗಿ ಸಿಕ್ಕಿದ್ದ. ತಲೆಯ ಹಿಂದೆ ಗಾಯ, ಶ್ವಾಸಕೋಶದಲ್ಲಿ ಒಂದು ಹನಿ ನೀರಿಲ್ಲ. ಮುಳುಗಿ ಸತ್ತ ಎಂದು ಊರೆಲ್ಲ ಕೈತೊಳೆದುಕೊಂಡಿತ್ತು. ಇಲ್ಲ, ಕೊಂದಿದ್ದಾರೆ ಎಂದು ಬೊಂಗೆಕಿಲೆ ಮೂರು ಸಲ ಡಂಡೀ ಪಟ್ಟಣದ ಠಾಣೆಯ ಮೆಟ್ಟಿಲು ಹತ್ತಿದ್ದಳು.

ಇಂದು ಮಧ್ಯಾಹ್ನ ಹನ್ನೆರಡಕ್ಕೆ ಕೆಳಗಿನ ಸಭಾಭವನದಲ್ಲಿ ಗಣಿ ಮುಚ್ಚುಗಡೆಯ ಪತ್ರಕ್ಕೆ ಸಹಿ ಬೀಳಲಿತ್ತು. ಬಿದ್ದರೆ ಎಮ್‌ಗೊಡಿನಿ ಎಂಬ ಆ ಊರಿನ ಗಣಿಮನೆಗಳೆಲ್ಲ ಅಲ್ಲಿ ವಾಸವಿದ್ದವರ ಹೆಸರಿಗೆ. ಮೂವತ್ತು ವರ್ಷ ಕಾದ ಜನ ಅವರು. ಬದಲಿಗೆ, ಪಾಳುಬಿದ್ದ ಗಣಿಯೊಳಗೆ ತುಂಬಿ ನಿಂತ, ಆಮ್ಲ ಬೆರೆತ ಹುಳಿನೀರಿಗೆ ಕಂಪನಿ ಇನ್ನು ಹೊಣೆಯಲ್ಲ. ನೀರು ಏರುತ್ತಿದೆ ಎಂದು ಯಾರಾದರೂ ಬಾಯಿಬಿಟ್ಟರೆ ಸಹಿಯೂ ಇಲ್ಲ, ಮನೆಯೂ ಇಲ್ಲ, ಊರನ್ನೇ ಖಾಲಿ ಮಾಡಿಸುತ್ತಾರೆ. ಇಂಥ ಹೊತ್ತಿನಲ್ಲಿ ಬಾವಿಯ ಮುಚ್ಚಳ ತೆಗೆಯಲು ಬಂದ ಪೊಲೀಸಿನವಳನ್ನು ಯಾರು ತಾನೇ ಕರೆದು ಕೂರಿಸುತ್ತಾರೆ?

ಸ್ಟ್ರೈಡಮ್ ಸತ್ತವನ ಅಳತೆಪಟ್ಟಿಯ ಸುರುಳಿ ಬಿಚ್ಚಿದ. ತುದಿಯ ಹಿತ್ತಾಳೆ ಗುಂಡು ಕೊಳವೆಯೊಳಗೆ ಸರಸರನೆ ಇಳಿಯಿತು. ಅದು ನೀರು ಮುಟ್ಟಿದಾಗ ಸುರುಳಿಯೊಳಗಿನ ಪೀಪಿ ಕಿರುಚಿತು.

"ಮೂವತ್ತೊಂದು ಮೀಟರ್ ನಲವತ್ತು. ಹೋದ ತಿಂಗಳೂ ಅಷ್ಟೇ, ಹೋದ ವರ್ಷಾನೂ ಅಷ್ಟೇ. ಬೆಟ್ಟದ ಪಕ್ಕದಲ್ಲಿ ಎರಡನೇ ಸುರಂಗ ಇದೆಯಲ್ಲ, ಅದರ ಹೊಸ್ತಿಲು ಈ ಕೊಳವೆ ಬಾಯಿಂದ ಇಪ್ಪತ್ತಾರು ಮೀಟರ್ ಕೆಳಗೆ. ನೀರು ಅಲ್ಲಿವರೆಗೆ ಏರಿದ್ರೆ ತಾನೇ ಹೊರಗೆ ಬರೋದು? ಇನ್ನೂ ಐದು ಮೀಟರಿಗಿಂತ ಜಾಸ್ತಿ ಬಾಕಿ ಇದೆ. ಆಯ್ತಾ? ಸಮಾಧಾನ ಆಯ್ತಾ?"

"ಮೇಲೆ ಎಳೀರಿ. ಗುಂಡು ನನ್ನ ಕೈಗೆ ಕೊಡಿ."

"ಗುಂಡನ್ನೂ ಬಂಧಿಸ್ತೀರಾ?"

ಖೆತಿವೆ ಕೈ ಚಾಚಿ ಗುಂಡು ಇಸಿದುಕೊಂಡಳು. ನಗುವವರು ನಗಲಿ ಎಂದು ಬಿಟ್ಟುಬಿಡುವುದು ಹದಿನಾಲ್ಕು ವರ್ಷದ ನೌಕರಿ ಅವಳಿಗೆ ಕಲಿಸಿದ ಪಾಠ. ಹಿತ್ತಾಳೆ ಗುಂಡಿನಿಂದ ಮೇಲಕ್ಕೆ ಒಂದು ಗೇಣಿನಷ್ಟು ಕಪ್ಪು ಬಟ್ಟೆಪಟ್ಟಿ ಒತ್ತೊತ್ತಾಗಿ ಸುತ್ತಿತ್ತು. ಅದಕ್ಕೂ ಮೇಲೆ ಅಳತೆಪಟ್ಟಿಯ ಮೊದಲ ಅಂಕಿ ಒಂದಾಗಿರಬೇಕಿತ್ತು.

ಮೂರಿತ್ತು.

ಅವಳು ತನ್ನ ಉಕ್ಕಿನ ಟೇಪು ತೆಗೆದು ಅಳೆದಳು. ಗುಂಡಿನಿಂದ ಆ ಮೂರಕ್ಕೆ ಇದ್ದದ್ದು ಒಂದೇ ಮೀಟರ್. ಯಾರೋ ಮೊದಲ ಎರಡು ಮೀಟರ್ ಪಟ್ಟಿಯನ್ನು ಕತ್ತರಿಸಿ ಎಸೆದು, ಗುಂಡನ್ನು ಮತ್ತೆ ಬೆಸೆದಿದ್ದರು. ನೀರು ಪಟ್ಟಿ ಹೇಳುವುದಕ್ಕಿಂತ ಎರಡು ಮೀಟರ್ ಮೇಲಿತ್ತು.

ಸ್ಟ್ರೈಡಮ್‌ನ ನಗು ಹಾರಿಹೋಯಿತು. "ಇದು... ಇದು ಎಲ್ಫಸ್ ಹತ್ತಿರಾನೇ ಇರ್ತಿತ್ತು. ನಾವು ಮುಟ್ಟೂ ಇಲ್ಲ."

"ನಾನಿನ್ನೂ ಕೇಳೇ ಇಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀರಿ?"

"ಎರಡು ಮೀಟರ್ ಕಳೆದ್ರೂ ಇಪ್ಪತ್ತೊಂಬತ್ತು ನಲವತ್ತು. ಸುರಂಗದ ಹೊಸ್ತಿಲಿಗೆ ಇನ್ನೂ ಮೂರೂವರೆ ಮೀಟರ್ ಇದೆ. ಸಹಿ ನಿಲ್ಲಿಸೋಕೆ ಇದು ಸಾಲದು, ನೆನಪಿಟ್ಕೊಳ್ಳಿ." ಹಾಗೆಂದವನೇ ಬಾವಿಯ ಮುಚ್ಚಳಕ್ಕೆ ಬೀಗ ಜಡಿದು, ಜೀಪು ಹತ್ತಿ ಕೆಳಕ್ಕೆ ಹೊರಟುಹೋದ.

ಬೊಂಗೆಕಿಲೆ ಬಾಗಿ ಕಪ್ಪು ಸುತ್ತನ್ನು ನೋಡಿದಳು.

"ಇದು ಮಬಾಸೊ ಬಾಬಾನ ಕೈಕೆಲಸ. ಗಣಿಯಲ್ಲಿ ದೀಪದ ಕೋಣೆ ನೋಡ್ಕೋತಿದ್ರಲ್ಲ, ದೀಪದ ತಂತಿಗಳನ್ನ ಹೀಗೇ ಸುತ್ತೋರು. ಅಪ್ಪನ ಜೀವದ ಗೆಳೆಯ ಅವರು. ಅವರು ಹೀಗೆ ಮಾಡ್ತಾರಾ ಅಕ್ಕಾ?"

ಖೆತಿವೆ ಜೇಬಿನಿಂದ ಒಂದು ದಾರದ ಉಂಡೆ ತೆಗೆದಳು. ಸತ್ತವನ ಕೋಟಿನ ಒಳಜೇಬಿನಲ್ಲಿ ಸಿಕ್ಕಿದ್ದು. ಒಂದು ತುದಿಗೆ ಕಲ್ಲು ಕಟ್ಟಿತ್ತು. ಉದ್ದಕ್ಕೂ ಗಂಟುಗಳು. ಅವಳು ಎಣಿಸಿ ಎಣಿಸಿ ಸಾಕಾಗಿತ್ತು: ಇಪ್ಪತ್ತೈದು ಗಂಟು, ಆಮೇಲೆ ಎರಡು ಗೇಣು ದಾರ, ಅಲ್ಲೊಂದು ಕೆಂಪು ನೂಲಿನ ಗುರುತು.

"ಇದೇನು ಅಂತ ಇನ್ನೊಂದು ಸಲ ಯೋಚನೆ ಮಾಡಿ ಹೇಳು."

"ಹೇಳಿದ್ನಲ್ಲ, ಮೇಕೆ ಕಟ್ಟೋ ದಾರ. ಅಪ್ಪನಿಗೆ ಕಣ್ಣು ಮಂಜಾಗಿತ್ತು, ಕೈಗೆ ಸಿಕ್ಕಿದ್ದನ್ನೆಲ್ಲ ಜೇಬಿಗೆ ತುರುಕ್ಕೊಳ್ಳೋನು."

ಅಷ್ಟರಲ್ಲಿ ಹೊಂಡದ ಕಡೆಯಿಂದ ಜನರ ಸಾಲು ಬಂತು. ಎಲ್ಲರಿಗಿಂತ ಮುಂದೆ ಜೋಸಾಯ ಮಬಾಸೊ, ಕೈಯಲ್ಲಿ ಬೋರೆಮುಳ್ಳಿನ ಹಸಿ ಕೊಂಬೆ. ಸತ್ತವನ ಜೀವ ಸತ್ತ ಜಾಗದಲ್ಲೇ ನಿಂತಿರುತ್ತದೆ. ಮಣ್ಣು ಮಾಡುವ ಮೊದಲು ಅಲ್ಲಿಗೇ ಹೋಗಿ ಈ ಕೊಂಬೆಯ ಮೇಲೆ ಅದನ್ನು ಕೂರಿಸಿಕೊಂಡು ಮನೆಗೆ ತರಬೇಕು. ಕೊಂಬೆ ಹಿಡಿದವನು ದಾರಿಯುದ್ದಕ್ಕೂ ಸತ್ತವನೊಂದಿಗಲ್ಲದೆ ಬೇರೆಯವರೊಂದಿಗೆ ಮಾತಾಡುವಂತಿಲ್ಲ. ಖೆತಿವೆಯ ಅಪ್ಪನನ್ನೂ ಹಾಗೆಯೇ ತಂದಿದ್ದರು. ಅವಳು ಟೋಪಿ ತೆಗೆದು ದಾರಿ ಬಿಟ್ಟಳು.

"ತೊರೆ ದಾಟಿದ್ವಿ, ಎಲ್ಫಸ್," ಎಂದು ಮಬಾಸೊ ಕೊಂಬೆಗೆ ಹೇಳುತ್ತ ನಡೆದ. "ಈಗ ಬಾವಿ ಹತ್ತಿರ ಬಂದ್ವಿ. ಇನ್ನು ಮನೆ ದೂರ ಇಲ್ಲ."

ಮಾತು ಬಾಯಿಪಾಠದಂತಿತ್ತು. ನಲವತ್ತು ವರ್ಷದ ಗೆಳೆಯನನ್ನು ಕರೆದೊಯ್ಯುವ ದನಿ ಅದಲ್ಲ ಎಂದು ಖೆತಿವೆಗೆ ಅನ್ನಿಸಿತು. ಅವನ ಕೈ ನೋಡಿದಳು. ಮುಳ್ಳುಗೀರುಗಳಿದ್ದವು. ಆದರೆ ಕೊಂಬೆ ಕಡಿದದ್ದು ಇವತ್ತು ಬೆಳಿಗ್ಗೆ. ಗೀರುಗಳು ಒಣಗಿ ಕಂದು ಹಕ್ಕಳೆ ಕಟ್ಟಿದ್ದವು.

ಸಾಲಿನ ಕೊನೆಯಲ್ಲಿದ್ದ ದಪ್ಪ ಹೆಂಗಸೊಬ್ಬಳು ಖೆತಿವೆಯ ಮುಂದೆ ನಿಂತು ಕಾಲಬಳಿ ಉಗಿದಳು.

"ಸತ್ತೋನು ಅವನ ಮನೆಗೆ ಹೋಗ್ತಿದಾನೆ. ನೀನೂ ನಿನ್ನ ಮನೆಗೆ ಹೋಗು, ಸಾರ್ಜೆಂಟಮ್ಮ. ನಮ್ಮ ಮನೆಗೆ ಕಲ್ಲು ಹಾಕ್ಬೇಡ."

ಬೊಂಗೆಕಿಲೆ ಸಾಲಿನ ಹಿಂದೆ ನಡೆದಳು. "ನಾನು ಸಭೆಯಲ್ಲಿರ್ತೀನಿ. ಏನೇ ಸಿಕ್ಕಿದ್ರೂ ಮೊದಲು ನನಗೆ ಫೋನ್ ಮಾಡಿ," ಎಂದು ತಿರುಗಿ ಹೇಳಿದಳು.

ಖೆತಿವೆ ಒಬ್ಬಳೇ ಬಾವಿಯ ಬಳಿ ಉಳಿದಳು. ದಾರವನ್ನು ತನ್ನ ಉಕ್ಕಿನ ಟೇಪಿಗೆ ಹಿಡಿದು ನೋಡಿದಳು. ಗಂಟಿನಿಂದ ಗಂಟಿಗೆ ಸರಿಯಾಗಿ ಒಂದು ಮೀಟರ್. ಮೇಕೆಗೆ ಯಾರು ಅಳೆದು ಗಂಟು ಹಾಕುತ್ತಾರೆ? ಕಣ್ಣು ಮಂಜಾದ ಮುದುಕ ಅಂಕಿಗಳನ್ನು ನಂಬದೆ, ಹಳೆಯ ಕಾಲದವರ ಹಾಗೆ ಕಲ್ಲು ಇಳಿಬಿಟ್ಟು, ನೀರು ಗುಳುಂ ಎಂದದ್ದನ್ನು ಕಿವಿಯಿಂದ ಕೇಳಿ ಅಳೆದಿದ್ದ. ಅವನ ಲೆಕ್ಕ ಇಪ್ಪತ್ತೈದೂವರೆಗೆ ಹತ್ತಿರ. ಎರಡು ಮೀಟರ್ ಕಳೆದ ಮೇಲೆ ಪಟ್ಟಿಯ ಲೆಕ್ಕ ಇಪ್ಪತ್ತೊಂಬತ್ತೂವರೆಗೆ ಹತ್ತಿರ. ನಡುವೆ ನಾಲ್ಕು ಗಂಟುಗಳ ವ್ಯತ್ಯಾಸ.

ಸತ್ತವನು ತಪ್ಪಿದ್ದನೋ, ಪಟ್ಟಿ ಇನ್ನೂ ಸುಳ್ಳು ಹೇಳುತ್ತಿತ್ತೋ? ಬಾವಿಗೆ ಬೀಗ ಬಿದ್ದಿತ್ತು; ಅದನ್ನು ಹೇಳಬಲ್ಲದ್ದು ಇನ್ನು ಸುರಂಗದ ಬಾಯಿ ಮಾತ್ರ. ಅವಳು ಪಟ್ಟಿಯ ಸುರುಳಿಯನ್ನು ಹೆಗಲಿಗೇರಿಸಿ ಬೆಟ್ಟದ ಪಕ್ಕಕ್ಕೆ ಇಳಿಯತೊಡಗಿದಳು.

* * *

ಜಾಲಿಮರಗಳ ಹಿಂದೆ ಎರಡನೇ ಸುರಂಗದ ಬಾಯಿಗೆ ಕಂಪನಿ ಇಟ್ಟಿಗೆ ಗೋಡೆ ಕಟ್ಟಿತ್ತು. ಕದ್ದು ಕಲ್ಲಿದ್ದಲು ಅಗೆಯುವವರು ಒಳಗೆ ನುಗ್ಗದಿರಲಿ ಎಂದು ಕಟ್ಟಿದ್ದೇ ಹೊರತು ನೀರು ತಡೆಯಲು ಕಟ್ಟಿದ್ದಲ್ಲ. ನೇರ ಕೆಳಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಸಭಾಭವನದ ತಗಡಿನ ಛಾವಣಿ ಹೊಳೆಯುತ್ತಿತ್ತು. ಜನ ಆಗಲೇ ಸೇರಿ ಹಾಡುತ್ತಿದ್ದರು.

ಜುಲೈ ತಿಂಗಳು, ಅಲ್ಲಿ ನಡುಚಳಿಗಾಲ. ಏಪ್ರಿಲ್‌ನಿಂದ ಒಂದು ಹನಿ ಮಳೆಯಿಲ್ಲ, ಹುಲ್ಲೆಲ್ಲ ಹಿಮಕ್ಕೆ ಸುಟ್ಟು ಬೆಳ್ಳಗಾಗಿತ್ತು. ಆದರೆ ಗೋಡೆಯ ಬುಡ ಒದ್ದೆಯಾಗಿತ್ತು. ಇಟ್ಟಿಗೆಗಳ ಸಂದಿಯಿಂದ ಕಿತ್ತಳೆ ಬಣ್ಣದ ನೀರು ಒಸರಿ, ಅವಳ ಬೂಟಿನ ಕೆಳಗೆ ಕೆಸರಾಗಿತ್ತು.

ಕೆಸರಿನ ಅಂಚಿನಲ್ಲಿ ಒಣಗಿದ ಒಂದು ರೆಂಬೆಯ ತುಂಡು. ಖೆತಿವೆ ಬಾಗಿ ಎತ್ತಿಕೊಂಡಳು. ಜೋಡಿ ಮುಳ್ಳು, ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ಆ ಬೋರೆಮರ ನದಿಯ ಕೆಳದಂಡೆಯಲ್ಲಿ ಬೆಳೆಯುತ್ತದೆಯೇ ಹೊರತು ಈ ಎತ್ತರದಲ್ಲಿ ಹುಡುಕಿದರೂ ಸಿಗದು. ಯಾರೋ ಹೊತ್ತು ತಂದದ್ದು.

"ಅಲ್ಲಿಂದ ಈಚೆ ಬಾ."

ತಿರುಗಿದಳು. ಮಬಾಸೊ ಜಾಲಿಮರದ ಕೆಳಗೆ ನಿಂತಿದ್ದ. ಮೈಮೇಲೆ ಸಾವಿನ ಮನೆಯ ಕಪ್ಪು ಕೋಟು, ಕೈಯಲ್ಲಿ ಗುಂಡುತಲೆಯ ದೊಣ್ಣೆ.

"ಯಾಕೆ ಬಾಬಾ? ಬೂಟು ಒದ್ದೆ ಆಗುತ್ತೆ ಅಂತಾನಾ?"

"ನಿನ್ನ ನಾಲಿಗೆಗೆ ಅಪ್ಪ ಅಮ್ಮ ಯಾರೂ ಇಲ್ವಾ? ದೊಡ್ಡೋರ ಹತ್ರ ಮಾತಾಡೋ ರೀತೀನಾ ಇದು?"

"ದೊಡ್ಡೋರು ದೊಣ್ಣೆ ಹಿಡ್ಕೊಂಡು ಹಿಂದಿನಿಂದ ಬಂದ್ರೆ ನನ್ನ ನಾಲಿಗೆ ಹೀಗೇ." ಅವಳು ರೆಂಬೆ ಎತ್ತಿ ತೋರಿಸಿದಳು. "ಇದು ಯಾವ ಮರದ್ದು?"

"ಮುಳ್ಳು."

"ಹೆಸರು ಹೇಳಿ."

"ಝುಲು ಹೊಟ್ಟೇಲಿ ಹುಟ್ಟಿದೋಳು ನೀನು. ಗೊತ್ತಿದ್ದೂ ಕೇಳ್ತೀಯ."

"ಹಾಗಾದ್ರೆ ನಾನೇ ಹೇಳ್ತೀನಿ. ಹೆಣ ಸಿಕ್ಕಿದ್ದು ಹೊಂಡದಲ್ಲಿ. ಊರೆಲ್ಲ ಇವತ್ತು ಜೀವ ಕರೆಯೋಕೆ ಹೊಂಡಕ್ಕೆ ಹೋಯ್ತು. ಆದ್ರೆ ಒಬ್ಬ ಮನುಷ್ಯ ವಾರದ ಹಿಂದೇನೇ ಈ ಕೊಂಬೆ ಹಿಡಿದು ಇಲ್ಲಿಗೆ ಬಂದಿದ್ದ. ಯಾಕೆ? ಎಲ್ಫಸ್ ಸತ್ತದ್ದು ಎಲ್ಲಿ ಅಂತ ಅವನಿಗೆ ಗೊತ್ತಿತ್ತು. ಪೊಲೀಸರಿಗೆ ಸುಳ್ಳು ಹೇಳಿದ, ಊರಿಗೆ ಸುಳ್ಳು ಹೇಳಿದ. ಸತ್ತೋನಿಗೆ ಸುಳ್ಳು ಹೇಳೋಕೆ ಅವನ ಕೈಲಿ ಆಗ್ಲಿಲ್ಲ. ಕೈ ಚಾಚಿ ಬಾಬಾ, ಆ ಗೀರುಗಳನ್ನ ನೋಡೋಣ."

ಮಬಾಸೊ ದೊಣ್ಣೆ ಎತ್ತಿದ. ಖೆತಿವೆಯ ಕೈ ಸೊಂಟದ ಪಿಸ್ತೂಲಿನ ಮೇಲೆ ಹೋಯಿತು. ಇಬ್ಬರೂ ಹಾಗೆಯೇ ನಿಂತರು. ಕೆಳಗೆ ಹಾಡು ಮುಗಿದು ಇನ್ನೊಂದು ಹಾಡು ಶುರುವಾಯಿತು.

ದೊಣ್ಣೆ ನಿಧಾನವಾಗಿ ಕೆಳಗಿಳಿಯಿತು.

"ಕೊಂದದ್ದು ನಾನಲ್ಲ," ಎಂದ ಮುದುಕ. "ಆವತ್ತು ಬೆಳಿಗ್ಗೆ ಬಂದಾಗ ಇಲ್ಲೇ, ನೀನು ನಿಂತಿರೋ ಕಡೆ ಮಕಾಡೆ ಬಿದ್ದಿದ್ದ. ಮೈ ತಣ್ಣಗಾಗಿತ್ತು. ಕೈಗಾಡೀಲಿ ಹೊಂಡಕ್ಕೆ ತಳ್ಕೊಂಡು ಹೋದೆ."

"ಗೆಳೆಯನನ್ನ? ಗೊಬ್ಬರದ ಹಾಗೆ?"

"ಬಾಯಿ ಮುಚ್ಚು!" ಅವನ ಕೂಗಿಗೆ ಜಾಲಿಮರದಿಂದ ಹಕ್ಕಿಗಳು ಎದ್ದವು. "ಇಲ್ಲಿ ಸಿಕ್ಕಿದ್ರೆ ನೀವು ಇಲ್ಲಿಗೆ ಬರ್ತಿದ್ರಿ, ಗೋಡೆ ಕೆದಕ್ತಿದ್ರಿ. ಸಹಿ ನಿಂತುಹೋಗ್ತಿತ್ತು. ಮೂವತ್ತು ವರ್ಷ ಕಂಪನಿ ಬಾಗಿಲು ಕಾದಿದೀವಿ ನಾವು. ನಿನಗೇನು ಗೊತ್ತು?"

"ಹಾಗಿದ್ರೆ ಜೀವ ಕರೆಯೋಕೆ ಯಾಕೆ ಬಂದ್ರಿ?"

ಅವನು ದೊಣ್ಣೆಯನ್ನು ನೆಲಕ್ಕೂರಿ ಅದರ ಮೇಲೆ ಭಾರ ಬಿಟ್ಟ. ಆಮೇಲೆ ಮಾತಾಡಿದಾಗ ದನಿ ಬೇರೆಯಾಗಿತ್ತು. ಬೆಳಿಗ್ಗೆ ಕೊಂಬೆಯೊಂದಿಗೆ ಮಾತಾಡಿದಾಗ ಇರಬೇಕಾಗಿದ್ದ ದನಿ ಅದು.

"ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಅವನ ದೀಪ ನಾನೇ ಕೈಗೆ ಕೊಟ್ಟೆ. ಸಂಜೆ ನಾನೇ ವಾಪಸ್ ತಗೊಂಡೆ. ಒಂದು ದೀಪ ವಾಪಸ್ ಬರದಿದ್ರೂ ನಾನು ಮನೆಗೆ ಹೋಗ್ತಿರ್ಲಿಲ್ಲ, ಕೂತು ಕಾಯ್ತಿದ್ದೆ. ಅವನನ್ನ ಇಲ್ಲಿ ಬಿಟ್ಟು ಹೇಗೆ ಹೋಗ್ಲಿ, ಹೇಳು? ಮೂರನೇ ದಿನ ಬಂದು ಕರ್ಕೊಂಡು ಹೋದೆ. ಅವನ ಮನೆ ಹಿಂದಿನ ಸೂರಿಗೆ ಕೊಂಬೆ ಸಿಕ್ಕಿಸಿ ಬಂದೆ. ಇವತ್ತು ಊರ ಮುಂದೆ ಹೊತ್ತದ್ದು ಖಾಲಿ ಕೊಂಬೆ."

ಖೆತಿವೆಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದನ್ನು ಮುಖಕ್ಕೆ ಬರಗೊಡಲಿಲ್ಲ.

"ಪಟ್ಟಿ ಕತ್ತರಿಸಿದ್ದೂ ನೀವೇ."

"ನಾನೇ. ಎರಡು ವರ್ಷದ ಹಿಂದೆ. ನೀರು ಏರ್ತಿತ್ತು, ಕಂಪನಿ ಸಹಿ ಮುಂದಕ್ಕೆ ಹಾಕ್ತಿತ್ತು. ಎರಡು ಮೀಟರ್ ತೆಗೆದೆ. ಮನೆ ಕೈಗೆ ಬರೋವರೆಗೆ ಸಾಕು ಅಂತ. ಹೊಸ್ತಿಲು ಮುಟ್ಟೋಕೆ ಈಗ್ಲೂ ಮೂರು ಮೀಟರಿಗಿಂತ ಜಾಸ್ತಿ ಬಾಕಿ ಇದೆ, ಮಗಳೇ. ಅಷ್ಟು ಏರೋಕೆ ವರ್ಷಗಟ್ಟಲೆ ಬೇಕು. ಲೆಕ್ಕ ಹಾಕಿದೀನಿ."

"ಲೆಕ್ಕ ಹಾಕಿದೀರಾ? ಹಾಗಾದ್ರೆ ಇದೇನು?"

ಅವಳು ಪಕ್ಕಕ್ಕೆ ಸರಿದಳು. ಮುದುಕ ಹತ್ತಿರ ಬಂದು ಗೋಡೆಯ ಬುಡ ನೋಡಿದ. ಬಾಗಿ ಕಿತ್ತಳೆ ನೀರನ್ನು ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿ ಉಗಿದ. ಅಂಗೈಯನ್ನು ಇಟ್ಟಿಗೆಗೆ ಒತ್ತಿ ನಿಂತ.

"ಆವತ್ತು ಒಣಗಿತ್ತು," ಎಂದ. "ದೇವರಾಣೆ, ಆವತ್ತು ಒಣಗಿತ್ತು. ಗೋಡೆ ಉಬ್ಬಿದೆ. ಒಳಗಿಂದ ಒತ್ತುತಿದೆ."

"ಒಡೆದ್ರೆ?"

"ಇದರ ಹಿಂದೆ ಅರ್ಧ ಬೆಟ್ಟ ನೀರಿದೆ. ಕೆಳಗೆ..." ಅವನು ತಗಡಿನ ಛಾವಣಿಯತ್ತ ನೋಡಿದ. "ಇನ್ನೂರು ಜನ ಇದಾರೆ. ನನ್ನ ಮೊಮ್ಮಗಳು ಹಾಡೋಕೆ ಹೋಗಿದಾಳೆ."

ಖೆತಿವೆ ಆಗಲೇ ಫೋನು ಕಿವಿಗಿಟ್ಟಿದ್ದಳು. ಮೊದಲ ಗಂಟೆಗೇ ಬೊಂಗೆಕಿಲೆ ಎತ್ತಿದಳು.

"ಬೊಂಗೆಕಿಲೆ, ಸಭೆ ನಿಲ್ಲಿಸು. ಎರಡನೇ ಸುರಂಗದ ಗೋಡೆ ಒಡೆಯೋ ಹಾಗಿದೆ. ಎಲ್ಲರನ್ನೂ ಎದುರಿನ ದಿಬ್ಬಕ್ಕೆ ಹತ್ತಿಸು. ಈಗಲೇ!"

ಆ ಕಡೆ ಒಂದು ಕ್ಷಣ ಹಾಡು ಮಾತ್ರ ಕೇಳಿಸಿತು.

"ಆಯ್ತು ಅಕ್ಕಾ. ಈಗಲೇ ಹೇಳ್ತೀನಿ."

ಖೆತಿವೆ ಉಸಿರು ಬಿಟ್ಟಳು. ಮುದುಕನತ್ತ ತಿರುಗಿದಳು. "ಎರಡೇ ಮೀಟರ್ ಅಂತ ಈಗ್ಲೂ ಹೇಳ್ತೀರಾ? ಸುಳ್ಳಿಗೂ ಒಂದು ಮಿತಿ ಬೇಕು."

"ಎರಡೇ! ಕೊಡು ಇಲ್ಲಿ."

ಅವನು ಸುರುಳಿಯನ್ನು ಅವಳ ಹೆಗಲಿನಿಂದ ಕಿತ್ತುಕೊಂಡ. ಗುಂಡಿನ ತುದಿಯಿಂದ ಪಟ್ಟಿಯನ್ನು ಬೆರಳುಗಳ ನಡುವೆ ಎಳೆಯುತ್ತ ಹೋದ. ಹತ್ತು. ಹನ್ನೆರಡು. ಹದಿನೈದು. ಕಣ್ಣಿಗಿಂತ ಬೆರಳನ್ನು ನಂಬುವ ಕೈ ಅದು. ಹದಿನೇಳರ ಮೇಲೆ ಬೆರಳು ಗಕ್ಕನೆ ನಿಂತಿತು.

"ಇಲ್ಲೊಂದು ಉಬ್ಬು."

ಅಲ್ಲಿ ಅಳತೆಪಟ್ಟಿಗೆ ಹಾಕಿದ್ದ ಬಿಳಿ ಸುತ್ತು, ಕೆಸರು ಮೆತ್ತಿ ಪಟ್ಟಿಯದೇ ಬಣ್ಣವಾಗಿತ್ತು. ಹದಿನೇಳರ ನಂತರ ಇಪ್ಪತ್ತೆರಡು ಬರೆದಿತ್ತು. ನಡುವೆ ನಾಲ್ಕು ಮೀಟರ್ ಮಾಯ.

ಎರಡು, ನಾಲ್ಕು, ಒಟ್ಟು ಆರು. ಮೂವತ್ತೊಂದು ನಲವತ್ತರಲ್ಲಿ ಆರು ಹೋದರೆ ಇಪ್ಪತ್ತೈದು ನಲವತ್ತು. ಇಪ್ಪತ್ತೈದು ಗಂಟು, ಎರಡು ಗೇಣು. ಕಣ್ಣು ಕಾಣದ ಮುದುಕನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನೀರು ಸುರಂಗದ ಹೊಸ್ತಿಲು ದಾಟಿ ಗೋಡೆಯ ಹಿಂದೆ ಮೊಣಕಾಲೆತ್ತರ ನಿಂತಿತ್ತು.

"ಇದು ನನ್ನ ಕೈ ಅಲ್ಲ," ಎಂದ ಮಬಾಸೊ. "ನಾನು ಕಪ್ಪು ಬಟ್ಟೆ ಬಿಟ್ಟು ಬೇರೆ ಸುತ್ತಿದವನಲ್ಲ. ಇದೇನಿದು, ತುದೀಲಿ ಕಿವಿ ಇದ್ದಂಗಿದೆ?"

ಖೆತಿವೆ ಬಾಗಿದಳು. ಬಿಳಿ ಪ್ಲಾಸ್ಟರಿನ ತುದಿ ಒಳಕ್ಕೆ ಮಡಚಿತ್ತು. ಬಿಚ್ಚುವಾಗ ಉಗುರು ಹಾಕಿ ಕೆರೆಯಬೇಕಾಗಿಲ್ಲದಂತೆ.

ಅವಳು ತನ್ನ ತೋರುಬೆರಳು ನೋಡಿಕೊಂಡಳು.

ಮೂರು ಸಲ ಠಾಣೆಯ ಮೆಟ್ಟಿಲು ಹತ್ತಿದವಳು. ದಾರ ಮೇಕೆಯದ್ದು ಎಂದವಳು. ಕಪ್ಪು ಸುತ್ತು ಕಂಡೊಡನೆ ಮಬಾಸೊನ ಹೆಸರು ಹೇಳಿದವಳು. ಏನೇ ಸಿಕ್ಕಿದರೂ ಮೊದಲು ನನಗೆ ಫೋನು ಮಾಡಿ ಎಂದವಳು. ನೀರು ಎಲ್ಲಿಗೆ ಏರಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು, ಮತ್ತು ಅವಳಪ್ಪನ ಸಾವಿಗೆ ಕೈತೊಳೆದುಕೊಂಡ ಊರೆಲ್ಲ ಈಗ ಈ ಗೋಡೆಯ ಕೆಳಗೆ ಒಂದೇ ಸೂರಿನಡಿ ಕೂತಿತ್ತು.

ಮತ್ತೆ ಫೋನು ಒತ್ತಿದಳು. ಆಫ್ ಆಗಿತ್ತು.

ಕೆಳಗೆ ಹಾಡು ನಿಂತಿರಲಿಲ್ಲ. ಸಭಾಭವನದ ಬಾಗಿಲು ತೆರೆಯಿತು. ನೀಲಿ ಸ್ವೆಟರಿನ ಮೇಲೆ ಕಪ್ಪು ಹೊದಿಕೆ ಹೊದ್ದ ಒಬ್ಬಳು ಹೊರಗೆ ಬಂದಳು. ಖೆತಿವೆ ಇನ್ನೊಬ್ಬರು ಬರಲಿ ಎಂದು ಕಾದಳು. ಯಾರೂ ಬರಲಿಲ್ಲ. ಆಕೆ ಹಿಂತಿರುಗಿ ಬಾಗಿಲನ್ನು ಎಳೆದು, ಹೊರಗಿನ ಅಗಳಿ ಹಾಕಿ, ಎದುರಿನ ದಿಬ್ಬದ ಕಡೆಗೆ ಒಬ್ಬಳೇ ನಡೆಯತೊಡಗಿದಳು.